ಮಜ್ಜಿಗೆಯ ಹುಳಿ, ಕಾವಲಿಯ ಉಬ್ಬು

ಕಾವಲಿಯ ಮೇಲೆ ಹಿಟ್ಟು ಹುಯ್ದು ತಿಂಡಿ ಮಾಡುವುದು ನಮಗೆ ಹೊಸದಲ್ಲ. ರಾತ್ರಿಯೇ ಅಕ್ಕಿ ಉದ್ದು ರುಬ್ಬಿಟ್ಟು, ಬೆಳಗ್ಗೆ ಎದ್ದೊಡನೆ ಮುಚ್ಚಳ ತೆಗೆದು ಹಿಟ್ಟು ಉಕ್ಕಿ ಬಂದಿದೆಯೆ ಎಂದು ನೋಡದ ಮನೆ ನಮ್ಮಲ್ಲಿ ಅಪರೂಪ. ಆದರೆ ನೆನೆಹಾಕುವ, ರುಬ್ಬುವ ತೊಡಕೊಂದೂ ಇಲ್ಲದೆ, ಬೆಳಗ್ಗೆ ಕಲಸಿ, ಬೆಳಗ್ಗೆಯೇ ಹುಯ್ದು, ಬೆರಳು ದಪ್ಪಕ್ಕೆ ಉಬ್ಬಿಸಿಕೊಳ್ಳುವ ತಿಂಡಿಯೊಂದು ಅಮೆರಿಕದಲ್ಲಿ ಮನೆಮಾತಾಗಿದೆ. ಅದೇ ಮಜ್ಜಿಗೆಯ ಪ್ಯಾನ್‌ಕೇಕ್. ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಮನೆಗಳಲ್ಲಿ, ರಜೆಗೆ ಬಂದ ಮೊಮ್ಮಕ್ಕಳು ಇದನ್ನು ಬೇಡುವುದುಂಟು. ಆಗ ವಿಚಿತ್ರವೊಂದು ನಡೆಯುತ್ತದೆ. ದೋಸೆಯಲ್ಲಿ ಪಳಗಿದ ಅಜ್ಜಿಯ ಕೈಯೇ ಇಲ್ಲಿ ಅಡ್ಡಬರುತ್ತದೆ. ತಿಂಡಿ ಚಪ್ಪಟೆಯಾಗಿ, ತೊಗಲಿನಂತೆ ಜಗ್ಗುತ್ತದೆ. ಹೀಗೇಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಈ ತಿಂಡಿಗೆ ಹೆಸರು ತಂದ ಸ್ಥಳ 'ಡೈನರ್' ಎಂಬ ಫಲಹಾರದ ಅಂಗಡಿ. ೧೮೭೨ರಲ್ಲಿ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಗಾಡಿಯೊಂದರಲ್ಲಿ ತಿನಿಸುಗಳನ್ನಿಟ್ಟುಕೊಂಡು ರಾತ್ರಿಯ ಹೊತ್ತು ಮಾರತೊಡಗಿದನು. ಅಂಥ ಗಾಡಿಗಳೇ ಮುಂದೆ ಬೆಳೆದು, ರೈಲಿನ ಊಟದ ಡಬ್ಬಿಯನ್ನು ಹೋಲುವ ಉದ್ದನೆಯ ಅಂಗಡಿಗಳಾದುವು. ಗಿರಾಕಿಯ ಕಣ್ಣೆದುರಿಗೇ ಕಬ್ಬಿಣದ ಅಗಲವಾದ ಕಾವಲಿ. ಅದರ ಮೇಲೆ ಬೆಂದ ಪ್ಯಾನ್‌ಕೇಕುಗಳನ್ನು ಮೂರು ನಾಲ್ಕು ಒಂದರ ಮೇಲೊಂದು ಪೇರಿಸಿ, ಮೇಲೆ ಬೆಣ್ಣೆಯಿಟ್ಟು, ಮೇಪಲ್ ಮರದ ಪಾಕ ಸುರಿದು ಕೊಡುತ್ತಾರೆ. ಈ ಪಾಕವೂ ಅಗ್ಗದ್ದಲ್ಲ: ಸುಮಾರು ೪೦ ಅಳತೆ ಮರದ ರಸವನ್ನು ಕುದಿಸಿ ಬತ್ತಿಸಿದರೆ ಒಂದು ಅಳತೆ ಪಾಕ ದೊರೆಯುತ್ತದೆ.

ಇನ್ನು ಉಬ್ಬಿನ ವಿಷಯ. ೧೭೯೬ರಲ್ಲಿ ಅಮೀಲಿಯ ಸಿಮನ್ಸ್ ಎಂಬಾಕೆ ಪ್ರಕಟಿಸಿದ 'ಅಮೆರಿಕನ್ ಕುಕರಿ' ಎಂಬ ಪಾಕಗ್ರಂಥದಲ್ಲಿ, ಹಿಟ್ಟನ್ನು ಹಗುರ ಮಾಡಲು ಸೌದೆಯ ಬೂದಿಯಿಂದ ತೆಗೆದ ಕ್ಷಾರವನ್ನು ಬಳಸಲು ಹೇಳಿದೆ. ಅದರ ಸ್ಥಾನಕ್ಕೆ ಮುಂದೆ ಅಡಿಗೆ ಸೋಡ ಬಂದಿತು. ೧೮೪೬ರಲ್ಲಿ ಜಾನ್ ಡ್ವೈಟ್, ಆಸ್ಟಿನ್ ಚರ್ಚ್ ಎಂಬಿಬ್ಬರು ಅದನ್ನು ಪೊಟ್ಟಣ ಕಟ್ಟಿ ಮಾರುವ ಉದ್ಯಮವನ್ನು ಆರಂಭಿಸಿದರು. ಆದರೆ ಸೋಡ ಒಂದೇ ಇದ್ದರೆ ಸಾಲದು. ಅದನ್ನು ಕೆಣಕಲು ಹುಳಿ ಬೇಕು. ಹಳ್ಳಿಯ ಮನೆಗಳಲ್ಲಿ ಬೆಣ್ಣೆ ಕಡೆದಾದ ಮೇಲೆ ಉಳಿಯುತ್ತಿದ್ದ ಹುಳಿ ಮಜ್ಜಿಗೆ ಈ ಕೆಲಸಕ್ಕೆ ಒದಗಿತು. ಖರ್ಚಿಲ್ಲದೆ ದೊರೆತ ಪದಾರ್ಥವೇ ತಿಂಡಿಯ ಜೀವವಾಯಿತು.

ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ಸೋಡವೂ ಕೂಡಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಟು, ಹಿಟ್ಟಿನಲ್ಲಿ ಗುಳ್ಳೆಗಳಾಗಿ ನಿಲ್ಲುತ್ತದೆ. ದೋಸೆಯ ಹಿಟ್ಟನ್ನು ಉಬ್ಬಿಸುವುದೂ ಈ ಅನಿಲವೇ. ಆದರೆ ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ರಾತ್ರಿಯೆಲ್ಲ ದುಡಿದು ಅದನ್ನು ಸ್ವಲ್ಪಸ್ವಲ್ಪವಾಗಿ ಉಂಟುಮಾಡುತ್ತವೆ. ಇಲ್ಲಿಯಾದರೋ ಒಂದೇ ಸಲಕ್ಕೆ ಬಂದದ್ದು ಬಂದಿತು, ಹೋದದ್ದು ಹೋಯಿತು. ತಾಳಿದವನು ಬಾಳಿಯಾನು ಎಂಬ ಗಾದೆ ದೋಸೆಯ ಹಿಟ್ಟಿಗೆ ಸಲ್ಲುತ್ತದೆ. ಈ ಹಿಟ್ಟಿಗೆ ಸಲ್ಲದು. ಅದಕ್ಕಾಗಿಯೇ ಸೋಡದ ಜೊತೆಗೆ ಬೇಕಿಂಗ್ ಪೌಡರನ್ನೂ ಸೇರಿಸುತ್ತಾರೆ. ಅದರಲ್ಲಿ ಸೋಡವೂ ಒಣ ಆಮ್ಲವೂ ಒಟ್ಟಿಗಿರುತ್ತವೆ. ಇಂದು ಬಳಕೆಯಲ್ಲಿರುವ ಬಗೆಯಲ್ಲಿ ಸ್ವಲ್ಪ ಅನಿಲ ಹಿಟ್ಟು ನೆನೆದಾಗಲೂ, ಉಳಿದದ್ದು ಕಾವಲಿಯ ಶಾಖ ತಗುಲಿದಾಗಲೂ ಹೊರಡುತ್ತದೆ.

ಎರಡನೆಯ ತೊಡಕು ಕೈಯದು. ದೋಸೆಯ ಹಿಟ್ಟನ್ನು ಎಷ್ಟು ಕಲಸಿದರೂ ನಷ್ಟವಿಲ್ಲ. ಮೈದಾ ಹಿಟ್ಟಿನ ಸ್ವಭಾವವೇ ಬೇರೆ. ಗೋಧಿಯಲ್ಲಿರುವ ಸಸಾರಜನಕ ನೀರು ಸೋಕಿ ತಿರುವಿದಷ್ಟೂ ಗ್ಲೂಟೆನ್ ಎಂಬ ಜಿಗುಟಾದ ಜಾಲವಾಗುತ್ತದೆ. ರೊಟ್ಟಿ, ಚಪಾತಿಗಳಿಗೆ ಇದು ಬೇಕು. ಪ್ಯಾನ್‌ಕೇಕಿಗೆ ಇದೇ ಶತ್ರು. ಗಂಟು ಉಳಿದರೆ ಅಡಿಗೆಯವರಿಗೆ ಅವಮಾನವೆಂದು ನಾವು ಭಾವಿಸುತ್ತೇವೆ. ಇಲ್ಲಿ ಕಡಲೆ ಕಾಳಿನಷ್ಟು ಗಂಟುಗಳು ಉಳಿಯಲೇಬೇಕು. ಬೇಯುವಾಗ ಅವು ತಾವಾಗಿಯೇ ಕರಗುತ್ತವೆ.

ಮನೆಯ ಅಳತೆ ಹೀಗೆ. ಒಂದು ಬಟ್ಟಲು, ಎಂದರೆ ಸುಮಾರು ೧೨೫ ಗ್ರಾಂ ಮೈದಾಕ್ಕೆ ಒಂದು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡ, ಕಾಲು ಟೀ ಚಮಚ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಅಮೆರಿಕದ ಅಂಗಡಿಗಳಲ್ಲಿ ಈಗ ದೊರೆಯುವ ಮಜ್ಜಿಗೆ ಕಡೆದು ಉಳಿದದ್ದಲ್ಲ. ಹೆಪ್ಪುಹಾಕಿ ಹುಳಿಸಿದ ಮಂದವಾದ ಹಾಲು. ನಮ್ಮ ನೀರು ಮಜ್ಜಿಗೆ ಅದಕ್ಕೆ ಸಮನಾಗದು. ಮುಕ್ಕಾಲು ಬಟ್ಟಲು ಹುಳಿ ಮೊಸರಿಗೆ ಕಾಲು ಬಟ್ಟಲು ನೀರು ಬೆರಸಿ ಕಡೆದರೆ ಹದ ಸರಿಹೋಗುತ್ತದೆ. ಇದಕ್ಕೆ ಒಂದು ಮೊಟ್ಟೆ, ಒಂದೂವರೆ ದೊಡ್ಡ ಚಮಚ ಕರಗಿಸಿದ ಬೆಣ್ಣೆ ಕೂಡಿಸಿ. ಮೊಟ್ಟೆ ಸಲ್ಲದ ಮನೆಯವರು ಅದನ್ನು ಬಿಟ್ಟು ಎರಡು ಮೂರು ಚಮಚ ಮಜ್ಜಿಗೆ ಹೆಚ್ಚಿಸಬಹುದು. ಉಬ್ಬು ತುಸು ತಗ್ಗೀತು, ರುಚಿಗೆ ಕೊರತೆಯಿಲ್ಲ. ಹೆಚ್ಚು ಉಬ್ಬಲೆಂದು ಸೋಡವನ್ನು ಮಾತ್ರ ಹೆಚ್ಚಿಸಬೇಡಿ. ಹುಳಿಗೆ ಮಿಕ್ಕ ಸೋಡ ನಾಲಗೆಗೆ ಸಾಬೂನಿನಂತೆ ಹತ್ತುತ್ತದೆ.

ಒಣ ಹಿಟ್ಟಿನ ನಡುವೆ ಗುಳಿ ಮಾಡಿ ಮಜ್ಜಿಗೆಯನ್ನು ಸುರಿದು, ಹತ್ತು ಹದಿನೈದು ಸುತ್ತು ಮಾತ್ರ ತಿರುವಿ ಕೈ ತೆಗೆಯಿರಿ. ಐದು ನಿಮಿಷ ಬಿಡಿ. ಅಷ್ಟರಲ್ಲಿ ಕಾವಲಿಯನ್ನು ಹದವಾದ ಉರಿಯಲ್ಲಿ ಕಾಯಿಸಿಕೊಳ್ಳಿ. ಚಿಮುಕಿಸಿದ ನೀರಿನ ಹನಿ ಕುಣಿದು ಆರಿದರೆ ಕಾವು ಸರಿ. ತೆಳ್ಳಗೆ ಎಣ್ಣೆ ಸವರಿ, ಕಾಲು ಬಟ್ಟಲು ಹಿಟ್ಟನ್ನು ಒಂದೆಡೆ ಸುರಿದು ಬಿಡಿ. ದೋಸೆಯಂತೆ ಸುತ್ತಿ ಹರಡಬಾರದು. ಎರಡು ಮೂರು ನಿಮಿಷದಲ್ಲಿ ಮೇಲೆ ಗುಳ್ಳೆಗಳೆದ್ದು ಒಡೆಯುತ್ತವೆ. ಒಡೆದ ತೂತು ಮತ್ತೆ ಮುಚ್ಚಿಕೊಳ್ಳದೆ ನಿಂತು, ಅಂಚು ಒಣಗಿದಂತೆ ಕಂಡಾಗ ಒಮ್ಮೆ ಮಗುಚಿರಿ. ಇನ್ನೊಂದು ಮಗ್ಗುಲಿಗೆ ಒಂದೆರಡು ನಿಮಿಷ ಸಾಕು. ಸಟ್ಟುಗದಿಂದ ಒತ್ತಿದಿರೋ, ಕಷ್ಟಪಟ್ಟು ಹಿಡಿದಿಟ್ಟ ಅನಿಲವೆಲ್ಲ ಹಾರಿಹೋಯಿತೆಂದೇ ತಿಳಿಯಿರಿ. ಮೊದಲನೆಯದು ಬಣ್ಣ ಕಟ್ಟದಿದ್ದರೆ ಎದೆಗುಂದಬೇಡಿ. ಕಾವಲಿ ಪಳಗುವ ಮುನ್ನ ಹುಯ್ದ ಮೊದಲ ದೋಸೆಯ ಗತಿಯೂ ಅದೇ ಅಲ್ಲವೆ?

ಮೇಪಲ್ ಪಾಕ ಸಿಕ್ಕದ ಕಡೆ ಜೋನಿಬೆಲ್ಲವೋ ಜೇನುತುಪ್ಪವೋ ಇದ್ದರೆ ಸಾಕು. ಬಿಸಿಯಿರುವಾಗಲೇ ಬಡಿಸಬೇಕು, ಆರಿದರೆ ಅದರ ಹಗುರತನ ಉಳಿಯುವುದಿಲ್ಲ. ಅಡಿಗೆಯಲ್ಲಿ ಕೈಗುಣವೆಂಬುದು ಕೈಯಾಡಿಸುವುದರಲ್ಲಿ ಎಷ್ಟಿದೆಯೋ, ಸಕಾಲದಲ್ಲಿ ಕೈ ತೆಗೆಯುವುದರಲ್ಲಿಯೂ ಅಷ್ಟೇ ಇದೆ. ಅದನ್ನರಿತ ಅಜ್ಜಿಗೆ ಮೊಮ್ಮಗುವಿನ ಎದುರು ಸೋಲಿಲ್ಲ.