ಮುಳ್ಳು ನುಡಿದ ಸುಳ್ಳು

ಚಾರ್ಮಾಡಿ ಘಾಟಿ ಏರುತ್ತಿದ್ದೆವು. ನಮ್ಮ ಹಳೆಯ ಕಾರಿನ ಉಷ್ಣಮಾಪಕದ ಮುಳ್ಳು ಬಿಸಿಯ ಗೆರೆ ಮುಟ್ಟಿ, ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಎಂಜಿನು ತಣಿಯಿತೆಂದು ನಾನು ಹಿಗ್ಗಿದೆ. ತಂದೆಯವರು ಮಾತ್ರ, “ಗಾಡಿ ನಿಲ್ಲಿಸು” ಎಂದರು. ಬಹಳ ಹೊತ್ತು ಕಾದು, ಮುಚ್ಚಳ ತೆರೆದು ನೋಡಿದರೆ ರೇಡಿಯೇಟರಿನಲ್ಲಿ ನೀರೇ ಇಲ್ಲ! ರಬ್ಬರ್ ಕೊಳವೆ ಬಿರಿದಿತ್ತು. ಇನ್ನೆರಡು ತಿರುವು ಏರಿದ್ದರೆ ಸಿಲಿಂಡರ್ ಹೆಡ್ಡು ಸೊಟ್ಟಗಾಗುತ್ತಿತ್ತೇನೋ.

ಮುಳ್ಳು ಇಳಿದುದೇಕೆ? ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ‘ಸೆಂಡರ್’ ಎಂಬ ಪುಟ್ಟ ಸಾಧನದ ವಿದ್ಯುತ್ ನಿರೋಧವು ಬಿಸಿಯೇರಿದಂತೆ ಕಡಿಮೆಯಾಗುತ್ತದೆ. ಹೆಚ್ಚು ವಿದ್ಯುತ್ ಹರಿದು ಮುಳ್ಳು ಏಳುತ್ತದೆ. ನೀರು ಬತ್ತಿದರೆ ಅದು ಅಳೆಯುವುದು ಎಂಜಿನ್ನನ್ನಲ್ಲ, ಸುತ್ತಲಿನ ಗಾಳಿಯನ್ನು. ಆದ್ದರಿಂದ ಮಾಪಕವನ್ನು ಶಂಕಿಸುವ ಮೊದಲು, ಎಂಜಿನು ಪೂರ್ತಿ ಆರಿದ ಮೇಲೆ, ನೀರನ್ನು ನೋಡಬೇಕು.

ನೀರಿದ್ದೂ ಮುಳ್ಳು ಏಳದಿದ್ದರೆ, ಸೆಂಡರಿನ ತಂತಿ ಕಳಚಿ, ಕೀಲಿ ತಿರುಗಿಸಿ, ತಂತಿಯ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತುಸುವೇ ಮುಟ್ಟಿಸಿರಿ. ಮುಳ್ಳು ಏಳತೊಡಗಿದರೆ ಮಾಪಕವೂ ತಂತಿಯೂ ನಿರ್ದೋಷಿಗಳು. ಸೆಂಡರ್ ಕೆಟ್ಟಿರಬಹುದು, ಇಲ್ಲವೆ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನು ನಿಜಕ್ಕೂ ತಣ್ಣಗಿರಬಹುದು. ಸದಾ ಬಿಸಿ ತೋರುವ ಮುಳ್ಳು, ತಂತಿ ಕಳಚಿದರೂ ಇಳಿಯದಿದ್ದರೆ, ತಂತಿ ಎಲ್ಲೋ ಸವೆದು ಲೋಹಕ್ಕೆ ತಗುಲಿರಬಹುದು.

ಪೆಟ್ರೋಲಿನ ಮುಳ್ಳೂ ಜತೆಗೇ ಸುಳ್ಳಾಡಿದರೆ? ಹಲವು ಹಳೆಯ ಕಾರುಗಳಲ್ಲಿ ಎರಡಕ್ಕೂ ಸುಮಾರು 10 ವೋಲ್ಟು ಒದಗಿಸುವ ಸ್ಟೆಬಿಲೈಸರ್ ಒಂದೇ. ಇದನ್ನು ತಿಳಿಯುವ ಮೊದಲು ನಾವು ಎರಡು ಮಾಪಕಗಳಿಗೆ ದುಡ್ಡು ತೆತ್ತಿದ್ದೆವು!