ನೇತ್ರಾಣಿ ಮೇಲಿನ ಆಕಾಶ ಯಾರದ್ದು?

ಭಟ್ಕಳ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಸೂಟ್‌ಕೇಸು, ಪಕ್ಕದಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಕಂಡಿತೆಂದರೆ ಯಾರೋ ಗಲ್ಫಿಗೆ ಹೊರಟರೆಂದೇ ಲೆಕ್ಕ. ಮಂಗಳೂರಿಗೋ ಗೋವಾಕ್ಕೋ ಹೋಗಿ ವಿಮಾನ ಹತ್ತುವುದು ಈ ಊರಿಗೆ ಹೊಸತಲ್ಲ. ಮನೆಯವರು ಕೇಳುವ ಪ್ರಶ್ನೆ ಎರಡೇ: "ಹತ್ತಿದ್ಯಾ?" "ಇಳಿದ್ಯಾ?" ನಡುವೆ ಆಕಾಶದಲ್ಲಿ ಏನಾಗ್ತದೆ ಎಂದು ಕೇಳುವವರು ಕಡಿಮೆ.

ಕೇಳಬೇಕಾದ ಕಾಲ ಬಂದಿದೆ. ಭಟ್ಕಳ, ಹೊನ್ನಾವರ, ಕುಮಟಾದವರ ತಲೆ ಮೇಲಿನ ಆಕಾಶ ಕಾಣುವಷ್ಟು ಖಾಲಿ ಇಲ್ಲ. ಉತ್ತರಕ್ಕೆ ಗೋವಾದ ದಾಬೋಲಿಂನಲ್ಲಿ ನೌಕಾಪಡೆಯ ವಿಮಾನ ನೆಲೆ ಐ.ಎನ್.ಎಸ್. ಹಂಸ ಇದೆ. ಕಾರವಾರದಲ್ಲಿ 2005ರಲ್ಲಿ ಉದ್ಘಾಟನೆಯಾದ ಕದಂಬ ನೌಕಾನೆಲೆ ಇದೆ. ಯುದ್ಧವಿಮಾನ ಹೊತ್ತು ತಿರುಗುವ ವಿಕ್ರಮಾದಿತ್ಯ ಹಡಗು 2014ರ ಜನವರಿಯಲ್ಲಿ ಬಂದು ನಿಂತದ್ದು ಅಲ್ಲಿಯೇ. ದಕ್ಷಿಣಕ್ಕೆ ಬಜಪೆ, ಘಟ್ಟದ ಮೇಲೆ ಹುಬ್ಬಳ್ಳಿ. ಗೋವಾದ ಮೋಪಾದಲ್ಲಿ 2023ರ ಜನವರಿಯಿಂದ ಎರಡನೇ ವಿಮಾನ ನಿಲ್ದಾಣ. ಇಷ್ಟರ ಮೇಲೆ ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆ, ಅದಕ್ಕೇ ಹೊಂದಿಕೊಂಡು ಪ್ರಯಾಣಿಕರ ನಿಲ್ದಾಣ ಎಂಬ ಯೋಜನೆ ಬೇರೆ.

ಮೇಲೆ ಪ್ರಯಾಣಿಕರ ವಿಮಾನ, ಸಮುದ್ರದ ಕಡೆ ಯುದ್ಧವಿಮಾನದ ಅಭ್ಯಾಸ. ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವವರು ಯಾರು?

40 ಸೆಕೆಂಡಿನ ದಾರಿ

"ಅಷ್ಟು ದೊಡ್ಡ ಆಕಾಶ ಮಾರಾಯ್ರೇ, ಡಿಕ್ಕಿ ಹೊಡೆಯೋದಾದ್ರೂ ಹ್ಯಾಗೆ?" ಅಂತ ಯಾರಿಗಾದರೂ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಕುಮಟಾದಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸಿಗೆ ಅರ್ಧ ತಾಸಿನ ದಾರಿ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನಗಳು ಈ ತುದಿಯಿಂದೊಂದು ಆ ತುದಿಯಿಂದೊಂದು ಎದುರುಬದುರು ಹೊರಟರೆ 40 ಸೆಕೆಂಡಿನಲ್ಲಿ ಮುಖಾಮುಖಿ. ಕಂಡಕ್ಟರ್ ಟಿಕೆಟ್ ಕೊಟ್ಟು ಚಿಲ್ಲರೆ ಹುಡುಕುವಷ್ಟರಲ್ಲಿ ಮುಗಿದೇ ಹೋಯಿತು. ಕಣ್ಣಿಗೆ ಚುಕ್ಕಿಯಾಗಿ ಕಂಡದ್ದು ವಿಮಾನವೆಂದು ತಿಳಿದು ಕೈ ಓಡಿಸುವುದಕ್ಕೂ ಹೊತ್ತು ಸಾಲದು.

ಅದಕ್ಕೇ ಆಕಾಶವನ್ನು ಹೊಲದ ಹಾಗೆ ಅಳೆದು ಗಡಿಕಲ್ಲು ಹಾಕಿದ್ದಾರೆ. ಕಲ್ಲು ಕಣ್ಣಿಗೆ ಕಾಣುವುದಿಲ್ಲ, ನಕ್ಷೆಯಲ್ಲಿ ಇರುತ್ತದೆ. ವಿಮಾನಯಾನದವರು ಮೂರು ಬಗೆಯ ಪ್ರದೇಶ ಗುರುತಿಸುತ್ತಾರೆ. ಒಂದು ನಿಷಿದ್ಧ ಪ್ರದೇಶ, ಅಲ್ಲಿ ಹಾರುವಂತೆಯೇ ಇಲ್ಲ. ಎರಡನೆಯದು ನಿರ್ಬಂಧಿತ ಪ್ರದೇಶ, ಷರತ್ತಿಗೆ ಒಳಪಟ್ಟು ಹಾರಬಹುದು. ಮೂರನೆಯದು ಅಪಾಯದ ಪ್ರದೇಶ, ಗೊತ್ತು ಮಾಡಿದ ಹೊತ್ತಿನಲ್ಲಿ ಅಲ್ಲಿ ಗುಂಡು ಹಾರಾಟವೋ ಅಭ್ಯಾಸವೋ ನಡೆಯುತ್ತದೆ. ಪ್ರತಿಯೊಂದಕ್ಕೂ ಸುತ್ತಳತೆ ಉಂಟು, ಎಷ್ಟು ಅಡಿಯಿಂದ ಎಷ್ಟು ಅಡಿವರೆಗೆ ಎಂಬ ಎತ್ತರದ ಮಿತಿಯೂ ಉಂಟು.

ಮುರ್ಡೇಶ್ವರದಾಚೆ ಸಮುದ್ರದಲ್ಲಿರುವ ನೇತ್ರಾಣಿ ಗುಡ್ಡವನ್ನು ನಮ್ಮ ಮೀನುಗಾರರಿಗೆ ತೋರಿಸಿಕೊಡಬೇಕಿಲ್ಲ. ಅಲ್ಲಿ ಹರಕೆ ಸಲ್ಲಿಸುವವರೂ ಉಂಟು, ಈಚಿನ ವರ್ಷಗಳಲ್ಲಿ ನೀರಿಗೆ ಮುಳುಗಿ ಮೀನು ನೋಡುವ ಪ್ರವಾಸಿಗರೂ ಉಂಟು. ಅದೇ ನೇತ್ರಾಣಿಯನ್ನು ನೌಕಾಪಡೆ ಬಹಳ ವರ್ಷ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದದ್ದು, ಬಿಳಿಹೊಟ್ಟೆಯ ಕಡಲಹದ್ದುಗಳ ಗತಿಯೇನೆಂದು ಪರಿಸರದವರು ತಕರಾರು ತೆಗೆದದ್ದು ಜಿಲ್ಲೆಗೆ ಗೊತ್ತು. ಆದರೆ ಗುಂಡು ಹಾರಿಸುವ ಅಭ್ಯಾಸ ಸಮುದ್ರಕ್ಕಷ್ಟೇ ಸೇರಿದ್ದಲ್ಲ. ಗುಂಡು ಮೇಲಕ್ಕೂ ಹೋಗುತ್ತದೆ. ಎಲ್ಲೇ ಆಗಲಿ, ಅಂಥ ಅಭ್ಯಾಸದ ಹೊತ್ತಿಗೆ ನೀರನ್ನೂ ಅದರ ಮೇಲಿನ ಆಕಾಶವನ್ನೂ ಒಟ್ಟಿಗೇ ಖಾಲಿ ಮಾಡಿಸಬೇಕು.

ರೈಲಿನ ಕ್ರಾಸಿಂಗು ಇದ್ದಂತೆ

ಕೊಂಕಣ ರೈಲು ಹತ್ತಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ನಮ್ಮ ಕಡೆ ಒಂದೇ ಹಳಿ. ಎದುರಿನ ಗಾಡಿ ದಾಟುವವರೆಗೆ ನಮ್ಮ ಗಾಡಿ ಸ್ಟೇಷನ್ನಿನಲ್ಲಿ ಕಾಯಲೇಬೇಕು. ಆಕಾಶದಲ್ಲೂ ಅಷ್ಟೇ. ಜಾಗ ಬೇರೆ ಮಾಡು, ಇಲ್ಲವೇ ಎತ್ತರ ಬೇರೆ ಮಾಡು, ಇಲ್ಲವೇ ಹೊತ್ತು ಬೇರೆ ಮಾಡು. ಒಂದೇ ದಾರಿಯಲ್ಲಿ ಎದುರುಬದುರಾಗುವ ವಿಮಾನಗಳ ನಡುವೆ ಸಾಮಾನ್ಯವಾಗಿ 1,000 ಅಡಿಯಾದರೂ ಎತ್ತರದ ಅಂತರ ಇಡುತ್ತಾರೆ. ಗೋವಾದ ದಾಬೋಲಿಂನಲ್ಲಿ ಹೊತ್ತಿನ ಪಾಲೇ ಬಹುಕಾಲ ನಡೆಯಿತು. ವಾರದ ದಿನಗಳಲ್ಲಿ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ ನೌಕಾಪಡೆಯ ಹಾರಾಟ, ಪ್ರಯಾಣಿಕರ ವಿಮಾನಕ್ಕೆ ಆಮೇಲೆ ಜಾಗ. ಟಿಕೆಟ್ ತೆಗೆಸಿದವರು ಗೊಣಗಿದ್ದುಂಟು. ಆದರೆ ಆ ಕಾಯುವಿಕೆಯ ಹಿಂದೆ ಒಂದು ಕಾರಣವಿತ್ತು.

ಕಾರಣ ತಿಳಿಯಬೇಕಾದರೆ ಜಪಾನಿನ ಕಥೆ ಕೇಳಬೇಕು. 1971ರ ಜುಲೈ 30ರಂದು ಶಿಜುಕುಯಿಶಿ ಎಂಬಲ್ಲಿ ತರಬೇತಿಯಲ್ಲಿದ್ದ ಯುದ್ಧವಿಮಾನವೊಂದು ಪ್ರಯಾಣಿಕರ ಬೋಯಿಂಗ್ 727ಕ್ಕೆ ತಾಗಿತು. ಬೋಯಿಂಗಿನಲ್ಲಿದ್ದ 162 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಯುದ್ಧವಿಮಾನದ ಹುಡುಗ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದು ಬದುಕಿದ. ಅಭ್ಯಾಸದ ಹಾರಾಟ ಪ್ರಯಾಣಿಕರ ದಾರಿಗೆ ನುಗ್ಗಿದ್ದೇ ಅನಾಹುತಕ್ಕೆ ಮೂಲ. ಎರಡನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸುವ ಬುದ್ಧಿ ಆ ದೇಶಕ್ಕೆ ಆಮೇಲೆ ಬಂತು.

ಹಳೇ ಕಥೆ ಎನ್ನಬೇಡಿ. 2025ರ ಜನವರಿ 29ರ ರಾತ್ರಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ತರಬೇತಿ ಹಾರಾಟದಲ್ಲಿದ್ದ ಸೇನೆಯ ಹೆಲಿಕಾಪ್ಟರ್, ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಕ್ಕೆ ಅಪ್ಪಳಿಸಿ 67 ಮಂದಿ ಸತ್ತರು. ಅಷ್ಟೆಲ್ಲ ಯಂತ್ರ ಇಟ್ಟುಕೊಂಡ ದೇಶದಲ್ಲೇ ಹೀಗೆ.

ನಮ್ಮಲ್ಲಿ ಆದದ್ದು

ನಮ್ಮ ದೇಶದ ದೊಡ್ಡ ಗಾಯ ಹರಿಯಾಣದ ಚರ್ಖಿ ದಾದ್ರಿಯದ್ದು. 1996ರ ನವೆಂಬರ್ 12ರಂದು ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಹೇಳಲಾಗಿತ್ತು. ಕಜಾಕ್ ವಿಮಾನ ಹೇಳಿದ್ದಕ್ಕಿಂತ ಕೆಳಗಿಳಿಯಿತು. 349 ಜೀವ ಹೋಯಿತು. ಸೌದಿ ವಿಮಾನದಲ್ಲಿದ್ದವರಲ್ಲಿ ಬಹುಪಾಲು ಹೊಟ್ಟೆಪಾಡಿಗೆ ಗಲ್ಫಿಗೆ ಹೊರಟಿದ್ದ ಭಾರತೀಯರು, ಭಟ್ಕಳ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಹಿಡಿದು ನಿಲ್ಲುವವರಂಥವರೇ.

ಎರಡೂ ಪ್ರಯಾಣಿಕರ ಕಡೆಯ ವಿಮಾನಗಳಲ್ಲವೇ, ಸೈನ್ಯಕ್ಕೇನು ಸಂಬಂಧ? ಸಂಬಂಧ ಇದೆ. ದೆಹಲಿಯ ಸುತ್ತಲಿನ ಆಕಾಶದ ಬಹುಭಾಗ ವಾಯುಪಡೆಗೆ ಮೀಸಲಾಗಿತ್ತು. ಬರುವವರಿಗೂ ಹೋಗುವವರಿಗೂ ಉಳಿದದ್ದು ಒಂದೇ ಓಣಿ. ತಪ್ಪು ಪೈಲಟನದ್ದೇ ಇರಬಹುದು, ಆದರೆ ಓಣಿ ಇಕ್ಕಟ್ಟಾದರೆ ಒಂದು ತಪ್ಪಿಗೂ ಮಾಫಿ ಇಲ್ಲ.

ಸೈನ್ಯದ ವಿಮಾನಗಳು ತಮ್ಮತಮ್ಮಲ್ಲೇ ತಾಗಿದ್ದೂ ಉಂಟು. 2002ರ ಅಕ್ಟೋಬರ್ 1ರಂದು ಗೋವಾದಲ್ಲಿ ಸ್ಕ್ವಾಡ್ರನ್ನಿನ ಬೆಳ್ಳಿಹಬ್ಬದ ವೇಳೆ ನೌಕಾಪಡೆಯ ಎರಡು ಇಲ್ಯೂಷಿನ್-38 ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದವು. ಒಳಗಿದ್ದ 12 ಮಂದಿಯ ಜೊತೆ ನೆಲದ ಮೇಲಿದ್ದವರೂ ಸತ್ತರು. 2019ರ ಫೆಬ್ರವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ತಾಲೀಮಿನಲ್ಲೇ ತಾಗಿ ಒಬ್ಬ ಪೈಲಟ್ ಹೋದರು. 2023ರ ಜನವರಿ 28ರಂದು ಮಧ್ಯಪ್ರದೇಶದ ಮೊರೆನಾದಲ್ಲಿ ಸುಖೋಯ್ ಮತ್ತು ಮಿರಾಜ್ ಅಪಘಾತದಲ್ಲಿ ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಪ್ರಾಣ ಕೊಟ್ಟರು. ಅಭ್ಯಾಸ ಅಂದರೆ ಆಟವಲ್ಲ. ಅದು ಮಾಡಬೇಕಾದ ಕೆಲಸವೇ, ಆದರೆ ಅಪಾಯದ ಕೆಲಸ. ಅದರ ನಡುವೆ ಪ್ರಯಾಣಿಕರು ಸಿಕ್ಕಿಹಾಕಿಕೊಳ್ಳಬಾರದು.

"ಈಗ ಯಂತ್ರ ಬಂದಿದೆಯಲ್ಲ?" ಹೌದು, ಟಿಕಾಸ್ ಎಂಬ ಯಂತ್ರ ಬಂದಿದೆ. ಎದುರಿನ ವಿಮಾನ ಹತ್ತಿರವಾದರೆ ಒಬ್ಬ ಪೈಲಟನಿಗೆ ಮೇಲೇರು, ಇನ್ನೊಬ್ಬನಿಗೆ ಕೆಳಗಿಳಿ ಎಂದು ಕೂಗಿ ಹೇಳುತ್ತದೆ. ಆದರೆ ಎದುರಿನವನ ಟ್ರಾನ್ಸ್‌ಪಾಂಡರ್ ಉತ್ತರ ಕೊಟ್ಟರೆ ಮಾತ್ರ ಅದಕ್ಕೆ ಕಣ್ಣು. ಅದರ ಮೇಲೆ, ಅಭ್ಯಾಸದ ಯುದ್ಧವಿಮಾನ ಕ್ಷಣಕ್ಕೊಂದು ಕಡೆ ತಿರುಗುತ್ತದೆ. ಹೀಗಾಗಿ ಯಂತ್ರ ಕೊನೆಯ ಬಾಗಿಲು. ಮೊದಲ ಬಾಗಿಲು ಗಡಿಕಲ್ಲೇ.

ಪಾಲು ಹಂಚುವಾಗ

2020ರ ಮೇ 16ರಂದು ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ ಲೆಕ್ಕವಿದು: ದೇಶದ ಆಕಾಶದಲ್ಲಿ ಪ್ರಯಾಣಿಕರ ವಿಮಾನಗಳಿಗೆ ಮುಕ್ತವಾಗಿ ಸಿಗುತ್ತಿದ್ದದ್ದು ಶೇಕಡಾ 60 ಮಾತ್ರ. ನಿರ್ಬಂಧ ಸಡಿಲಿಸಿ ನೇರ ದಾರಿ ಬಿಟ್ಟರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿತಾಯ. ಸೈನ್ಯ ಬಳಸದ ಹೊತ್ತಿಗೆ ಅದರ ಆಕಾಶವನ್ನು ಪ್ರಯಾಣಿಕರಿಗೆ ಬಿಡುವುದು, ಬೇಕಾದಾಗ ಹಿಂದಕ್ಕೆ ಪಡೆಯುವುದು ಈ ಪದ್ಧತಿಯ ತಿರುಳು. ಒಳ್ಳೆಯದೇ. ಆದರೆ ಹೊತ್ತಿನ ಮೇಲೆ ಪಾಲು ಹಂಚಿದರೆ ಹೊತ್ತಿಗೆ ಸರಿಯಾಗಿ ಸುದ್ದಿಯೂ ಮುಟ್ಟಬೇಕು. ನಿನ್ನೆಯ ಸುದ್ದಿ ಹಿಡಿದು ಇವತ್ತು ಹಾರುವಂತಿಲ್ಲ.

ಪೈಲಟರಿಗೆ ನೋಟಾಮ್ ಎಂಬ ಸೂಚನೆ ಹೋಗುತ್ತದೆ. ಹಡಗಿನವರಿಗೆ ಡೆಹ್ರಾಡೂನಿನ ಜಲಸರ್ವೇಕ್ಷಣಾ ಕಚೇರಿಯ ಎಚ್ಚರಿಕೆ ಹೋಗುತ್ತದೆ. ಭಟ್ಕಳ, ಹೊನ್ನಾವರ, ತದಡಿಯ ದೋಣಿಯವನಿಗೆ, ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಹತ್ತಿಸುವವನಿಗೆ? ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಭ್ಯಾಸ ಎಂಬುದನ್ನು ಕನ್ನಡದಲ್ಲಿ ಬರೆದು ಬಂದರಿನ ಹಲಗೆಗೆ ಹಚ್ಚಿದರೆ ದೇಶದ ಗುಟ್ಟು ಬಯಲಾಗುವುದಿಲ್ಲ. ಪೈಲಟರಿಗೆ ಹೇಳುವುದನ್ನೇ ನಮಗೂ ಹೇಳಿದಂತಾಗುತ್ತದೆ.

ನಮ್ಮ ಪಾಲಿನ ಜವಾಬ್ದಾರಿಯೂ ಇದೆ. ಮದುವೆಗೆ, ಬೀಚಿಗೆ ಡ್ರೋನ್ ಹಾರಿಸುವ ಫೋಟೋ ಸ್ಟುಡಿಯೋದವರೇ, ನೀವೂ ಈಗ ಆಕಾಶದ ಪಾಲುದಾರರು. 2021ರ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಬೇಡ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರಕಾರದ್ದೇ ಬೇಕು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಬಣ್ಣ ನೋಡಿಕೊಳ್ಳದೆ ಗುಂಡಿ ಒತ್ತಬೇಡಿ. ತೀರದುದ್ದಕ್ಕೂ ತಗ್ಗಿನಲ್ಲಿ ಬರುವ ಹೆಲಿಕಾಪ್ಟರಿನ ರೆಕ್ಕೆಗೆ ನಿಮ್ಮ ಎರಡು ಕಿಲೋದ ಡ್ರೋನ್ ಸಿಕ್ಕರೆ ಅದೂ ಡಿಕ್ಕಿಯೇ.

ಅಲಗೇರಿಯ ನೆಲೆ ಎದ್ದು ನಿಂತಾಗ ಯುದ್ಧವಿಮಾನಕ್ಕೂ ಪ್ರಯಾಣಿಕರ ವಿಮಾನಕ್ಕೂ ಒಂದೇ ರನ್‌ವೇ ಆಗಲಿದೆ. ಭೂಮಿ ಕೊಡುವಾಗ ಅಲಗೇರಿ, ಬೇಲೇಕೇರಿ, ಭಾವಿಕೇರಿಯವರು ಎಕರೆ ಗುಂಟೆಯ ಲೆಕ್ಕ ಕೇಳಿದರು, ಕೇಳಬೇಕಾದ್ದೇ. ಆಕಾಶದ ಲೆಕ್ಕವನ್ನೂ ಈಗಲೇ ಕೇಳಿಡಬೇಕು: ಯಾರಿಗೆ ಯಾವ ಹೊತ್ತು, ಯಾವ ಎತ್ತರ, ಸುದ್ದಿ ಮುಟ್ಟಿಸುವವರು ಯಾರು? ಉತ್ತರ ರಿಬ್ಬನ್ ಕತ್ತರಿಸುವ ಮೊದಲೇ ಬರಲಿ. "ಇಳಿದ್ಯಾ?" ಅಂತ ಫೋನಿನಲ್ಲಿ ಕೇಳಿದಾಗ ಆ ಕಡೆಯಿಂದ "ಇಳಿದೆ" ಎಂಬ ಮಾತು ಬರುವುದು ಅದೇ ಲೆಕ್ಕದ ಮೇಲೆ.