ಅತ್ತೆಯ ಕೈ ನಡುಕ ಡಾಕ್ಟರ ಮುಂದೆ ಮಾಯವಾಗುವುದೇಕೆ?

ಶಹಾಪುರದ ಒಂದು ಮನೆ ಎಂದುಕೊಳ್ಳಿ. ಟಿ.ವಿ. ಮುಂದೆ ಕೂತ ಅತ್ತೆಯವರ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ನಡುಗುತ್ತಿದೆ. "ಯಾಕ್ರೀ ಅತ್ತಿ, ಕೈ ಹಿಂಗ್ಯಾಕ ನಡಗ್ತದ?" ಎಂದು ಸೊಸೆ ಕೇಳಿದರೆ, "ಏನಿಲ್ಲ ಬಿಡವ್ವ, ವಯಸ್ಸಾತು" ಎನ್ನುತ್ತಾ ಕೈಯನ್ನು ಸೆರಗಿನೊಳಗೆ ಸರಿಸುತ್ತಾರೆ. ಹಿಟ್ಟು ಮುಟ್ಟಿದರೆ ನಡುಕ ನಿಂತುಹೋಗುತ್ತದೆ. ಆದರೆ ರೊಟ್ಟಿ ಬಡಿಯುವ ಸಪ್ಪಳ ಮೊದಲಿನ ಹಾಗಿಲ್ಲ. ಶುರುವಿನಲ್ಲಿ ಜೋರು, ಬರಬರುತ್ತಾ ಮೆತ್ತಗೆ, ಕಡೆಗೆ ಕೈ ನಿಂತೇಬಿಡುತ್ತದೆ.

ಸುಮ್ಮನಿದ್ದಾಗ ನಡುಕ, ಕೆಲಸದಲ್ಲಿ ನಿಧಾನ. ಈ ಎರಡೂ ಸೇರಿದರೆ ಪಾರ್ಕಿನ್ಸನ್ಸ್ ಇರಬಹುದೇ ಎಂದು ತೋರಿಸಿಕೊಳ್ಳಬೇಕು. ಹಾಗಂತ ನಡುಗುವ ಕೈಯೆಲ್ಲ ಪಾರ್ಕಿನ್ಸನ್ಸ್ ಅಲ್ಲ. ಚಹಾದ ಕಪ್ಪು ಎತ್ತಿದಾಗಲೇ ನಡುಗುವುದು ಬೇರೆ ತೊಂದರೆ ಇರಬಹುದು. ಥೈರಾಯ್ಡ್ ಹೆಚ್ಚಾದರೂ ನಡುಗುತ್ತದೆ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್ ಮಾತ್ರೆಯಿಂದಲೂ ಇಂಥದೇ ಲಕ್ಷಣ ಬರಬಹುದು. ಆದ್ದರಿಂದ ಮನೆಯ ಮಾತ್ರೆ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಹತ್ತು ನಿಮಿಷದ ಭೇಟಿ

ತೊಂದರೆ ಶುರುವಾಗುವುದೇ ಅಲ್ಲಿ. ಸುರಪುರ, ಶಹಾಪುರದವರು ಬಸ್ಸಿನಲ್ಲಿ ಯಾದಗಿರಿಗೆ ಬಂದು, ರಾತ್ರಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಮುಟ್ಟಿದರು ಅನ್ನಿ. ಒಳಗೆ ಕರೆಯುವ ಹೊತ್ತಿಗೆ ಮಾತ್ರೆಯ ಪರಿಣಾಮ ಚೆನ್ನಾಗಿದ್ದರೆ ಕೈ ಅಲ್ಲಾಡುವುದೇ ಇಲ್ಲ. ಪ್ರಯಾಣದ ದಣಿವು, ಗಾಬರಿ ಇದ್ದರೆ ವಿಪರೀತ ಅಲ್ಲಾಡುತ್ತದೆ. ಎರಡೂ ಮನೆಯ ನಿಜಸ್ಥಿತಿ ಅಲ್ಲ. "ಮನೆಯಲ್ಲಿ ಹೀಗಿರಲ್ಲ ಡಾಕ್ಟ್ರೇ" ಎಂದು ಸೊಸೆ ಹೇಳಿದರೂ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಇದಕ್ಕೇ ಬಂದಿರುವುದು ಮೈಮೇಲೆ ತೊಡುವ ಸೆನ್ಸರ್. ನಿಮ್ಮ ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದನ್ನು ಮಾಡಿಸುವ ಆಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ಪೇ ಇದರಲ್ಲೂ ಇರುವುದು. ಪಾರ್ಕಿನ್ಸನ್ಸ್‌ನ ನಡುಕ ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಸಲ. ಕಣ್ಣಿಗೆ ಎಣಿಸಲಾಗದ್ದನ್ನು ಚಿಪ್ ಎಣಿಸುತ್ತದೆ. ಆಸ್ಟ್ರೇಲಿಯಾದಲ್ಲಿ ತಯಾರಾದ ಪಿಕೆಜಿ ಎಂಬ ಕೈಗಡಿಯಾರದಂಥ ಸಾಧನಕ್ಕೆ 2014ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಸುಮಾರು ಆರು ದಿನ ಕಟ್ಟಿಕೊಂಡಿದ್ದರೆ ಸಾಕು. ಮಾತ್ರೆಯ ಹೊತ್ತಿಗೆ ನೆನಪಿಸುತ್ತದೆ, ನುಂಗಿದ ಮೇಲೆ ಅದನ್ನು ಮುಟ್ಟಿ ತಿಳಿಸಬೇಕು. ಯಾವ ಹೊತ್ತಿನಲ್ಲಿ ಕೈ ನಿಧಾನ, ಯಾವಾಗ ಬೇಡದ ಕುಣಿತ ಎಂಬ ನಕ್ಷೆ ಆಮೇಲೆ ಡಾಕ್ಟರ ಕೈ ಸೇರುತ್ತದೆ. ಸೊಂಟಕ್ಕೆ, ಪಾದಕ್ಕೆ ಕಟ್ಟುವಂಥವೂ ಇವೆ. ನಡೆಯುವಾಗ ಹೆಜ್ಜೆ ನೆಲಕ್ಕೆ ಅಂಟಿದ ಹಾಗಾಗುವುದನ್ನು ಅವು ಹಿಡಿಯುತ್ತವೆ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಲೆವೊಡೋಪಾ ಮಾತ್ರೆ ಮೊದಮೊದಲು ದಿನವಿಡೀ ಹಿಡಿದು ನಿಲ್ಲಿಸುತ್ತದೆ. ಕೆಲವು ವರ್ಷಗಳಾದ ಮೇಲೆ ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಇಳಿದುಬಿಡುತ್ತದೆ. ಮಾತ್ರೆ ಸಾಲದೆ ಕೈಕಾಲು ಗಟ್ಟಿಯಾಗಿದೆಯೋ, ಹೆಚ್ಚಾಗಿ ಮೈ ತಿರುಚುತ್ತಿದೆಯೋ ಗೊತ್ತಾಗದೆ ಡಾಕ್ಟರು ಪ್ರಮಾಣ ಬದಲಿಸುವುದು ಕಷ್ಟ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ತದ್ವಿರುದ್ಧ.

ಅಂಗಡಿಯ ವಾಚ್ ಸಾಕೇ?

ಹೆಜ್ಜೆ ಎಣಿಸುವ ಸಾಧಾರಣ ಸ್ಮಾರ್ಟ್ ವಾಚ್ ತಂದು ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡುವುದು ದುಡ್ಡು ದಂಡ. ಒಳ್ಳೆಯ ಸೆನ್ಸರ್ ಕೂಡ ರೊಟ್ಟಿ ಬಡಿಯುವ ಕೈಗೂ ನಡುಗುವ ಕೈಗೂ ಕೆಲವೊಮ್ಮೆ ಗಲಿಬಿಲಿ ಮಾಡಿಕೊಳ್ಳುತ್ತದೆ. ಮಲಬದ್ಧತೆ, ಮಂಕು, ನಿದ್ದೆಯಲ್ಲಿ ಕೂಗಾಡುವುದು, ಇವನ್ನೆಲ್ಲ ಮನೆಯವರೇ ಹೇಳಬೇಕು. 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್, ಬೀದಿಯಲ್ಲಿ ಕಂಡವರನ್ನೂ ಗಮನಿಸಿಯೇ ಬರೆದದ್ದು. ಅಡುಗೆಮನೆಯಿಂದ ನೋಡುವ ನಿಮ್ಮ ಕಣ್ಣೇನು ಕಡಿಮೆ?

ಹಳೇ ನೋಟ್‌ಬುಕ್ಕೊಂದು ಸಾಕು. ಒಂದು ವಾರ ಮಾತ್ರೆ ಕೊಟ್ಟ ಗಂಟೆ, ಊಟದ ಗಂಟೆ, ಕೈಕಾಲು ಸರಾಗವಾದದ್ದು, ಮತ್ತೆ ಗಟ್ಟಿಯಾದದ್ದು, ಬಿದ್ದದ್ದು ಬರೆಯಿರಿ. ಜೊತೆಗೆ ಮೊಬೈಲಿನಲ್ಲಿ ಒಂದೊಂದು ನಿಮಿಷದ ವಿಡಿಯೋ: ಮಾತ್ರೆಗೆ ಮೊದಲು, ಒಂದು ಗಂಟೆಯ ನಂತರ. ಕೂತ ಕೈ, ಕುರ್ಚಿಯಿಂದ ಏಳುವುದು, ಅಂಗಳದಲ್ಲಿ ನಡೆದು ತಿರುಗುವುದು ಬರಲಿ. ಬರೆಯುವಾಗ ಒಂದು ವಿಷಯ ನಿಮಗೇ ಹೊಳೆಯಬಹುದು. ಹಾಲಿನ ಜೊತೆಗೋ, ಬೇಳೆ ಊಟದ ಜೊತೆಗೋ ಕೊಟ್ಟ ಲೆವೊಡೋಪಾ ಸರಿಯಾಗಿ ಹಿಡಿಯದಿರಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ನೀವೇ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ, ಥಟ್ಟನೆ ನಿಲ್ಲಿಸುವುದಂತೂ ಅಪಾಯ.

ಮೊದಲ ಭೇಟಿಗೇ ಬೆಂಗಳೂರಿಗೆ ಓಡಬೇಕಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿವೆ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ. ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರ ಜೊತೆ ಮಾತಾಡಬಹುದು, ಆಗ ನೋಟ್‌ಬುಕ್ ಕೈಯಲ್ಲೇ ಇರಲಿ.

ವಿಡಿಯೋ ತೆಗೆಯುವ ಮುಂಚೆ ಅತ್ತೆಯವರನ್ನು ಒಂದು ಮಾತು ಕೇಳಿ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡವರು ಅವರು. ಡಾಕ್ಟರಿಗೆ ತೋರಿಸಲಿಕ್ಕೆ ಅಂತ ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಲೇಬೇಡಿ.